ಕರುಳಿನ ಉರಿಯೂತ ಇರುವವರಿಗೆ ಕೀಲುನೋವು ಬಂದರೆ ಯಾವ ಮಾತ್ರೆ ಸುರಕ್ಷಿತ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತೇಳು ವರ್ಷ, ವಾಸ ಶಿವಮೊಗ್ಗ. ಕೊಲೊನೋಸ್ಕೋಪಿ ಮಾಡಿ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪೊರೆ ಉರಿಯೂತದಿಂದ ಹುಣ್ಣಾಗುವ ಕಾಯಿಲೆ ಎಂದು ಹೇಳಿ ಹಲವು ವರ್ಷಗಳಾದವು. ಮೊದಲೆರಡು ವರ್ಷ ರಕ್ತಭೇದಿಯಿಂದ ಬಹಳ ಬಳಲಿದ್ದೆ. ಆಮೇಲೆ ಮೆಸಲಮೈನ್ ಮಾತ್ರೆಯಿಂದ ಹತೋಟಿಗೆ ಬಂದು, ಈಗ ದಿನಕ್ಕೆ ಎರಡು ಸಲ ಹೋಗುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ.

ಸಮಸ್ಯೆ ಈಗ ಕೀಲುಗಳದ್ದು. ಬಲ ಮಂಡಿ ಸವೆದಿದೆ ಎಂದು ಎಕ್ಸ್‌ರೇ ನೋಡಿ ಹೇಳಿದ್ದಾರೆ. ಅದು ಹಳೆಯದು, ಮೆಟ್ಟಿಲು ಹತ್ತಿದರೆ ಮಾತ್ರ ನೋಯುತ್ತದೆ. ಆದರೆ ಕಳೆದ ಎರಡು ತಿಂಗಳಿಂದ ಎಡ ಕಣಕಾಲು ಮತ್ತು ಬಲ ಮಣಿಕಟ್ಟು ಊದಿಕೊಳ್ಳುತ್ತಿವೆ, ಬೆಳಿಗ್ಗೆ ಎದ್ದ ಮೇಲೆ ಸುಮಾರು ಒಂದು ಗಂಟೆ ಬಿಗಿತವಿರುತ್ತದೆ, ಚಪಾತಿ ಹಿಟ್ಟು ನಾದಲು ಆಗುವುದಿಲ್ಲ. ಮೂಳೆ ವೈದ್ಯರು ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಕೂಡಿದ ಮಾತ್ರೆಯನ್ನು ದಿನಕ್ಕೆ ಎರಡರಂತೆ ಹದಿನೈದು ದಿನಕ್ಕೆ ಬರೆದು, ಹೊಟ್ಟೆಗೆ ತೊಂದರೆಯಾಗದಿರಲಿ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಕೊಟ್ಟಿದ್ದಾರೆ. ಕರುಳಿನ ವೈದ್ಯರು ಹಿಂದೊಮ್ಮೆ ‘ನನ್ನನ್ನು ಕೇಳದೆ ನೋವಿನ ಮಾತ್ರೆ ಮುಟ್ಟಬೇಡಿ’ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅವರ ಭೇಟಿ ಸಿಗುವುದು ಮುಂದಿನ ತಿಂಗಳು. ಮಾತ್ರೆ ತಂದಿಟ್ಟಿದ್ದೇನೆ, ಇನ್ನೂ ನುಂಗಿಲ್ಲ. ಗ್ಯಾಸ್ ಮಾತ್ರೆ ಜೊತೆಗಿದ್ದರೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ? ಇಲ್ಲದಿದ್ದರೆ ಒಂದು ತಿಂಗಳು ಈ ನೋವಿನೊಂದಿಗೆ ಹೇಗೆ ಇರುವುದು?

ಹಾಸನದ ಔಷಧಿ ಅಂಗಡಿ

ಮೇಡಂ, ನೀವು ನುಂಗದೆ ಕಾದದ್ದು ಒಳ್ಳೆಯದಾಯಿತು. ವೈದ್ಯಕೀಯ ಸಲಹೆಯನ್ನು ವೈದ್ಯರೇ ಕೊಡಲಿ. ಔಷಧಿ ಅಂಗಡಿ ನಡೆಸುವವನಾಗಿ ಮಾತ್ರೆಯ ಹಾಳೆಯ ಬಗ್ಗೆ ನಾನು ಒಂದು ವಿಷಯ ಹೇಳಬಲ್ಲೆ.

ನಮ್ಮಲ್ಲಿ ಮಾರಾಟವಾಗುವ ನೋವಿನ ಮಾತ್ರೆಗಳಲ್ಲಿ ಬಹುಪಾಲು ಎರಡು ಅಥವಾ ಮೂರು ಔಷಧಗಳ ಮಿಶ್ರಣ. ಅಸಿಕ್ಲೋಫೆನಾಕ್ 100 ಮಿಲಿಗ್ರಾಂ ಮತ್ತು ಪ್ಯಾರಸಿಟಮಾಲ್ 325 ಮಿಲಿಗ್ರಾಂ ಕೂಡಿದ್ದು ಅತಿ ಸಾಮಾನ್ಯ. ಕೆಲವದರಲ್ಲಿ ಇವೆರಡರ ಜೊತೆ ಊತಕ್ಕೆಂದು ಸೇರಿಸುವ ಸೆರಾಶಿಯೋಪೆಪ್ಟಿಡೇಸ್ ಇರುತ್ತದೆ, ಇನ್ನು ಕೆಲವದರಲ್ಲಿ ಸ್ನಾಯು ಸಡಿಲಿಸುವ ಔಷಧ. ಮೇಲಿನ ವ್ಯಾಪಾರದ ಹೆಸರು ನೋಡಿದರೆ ಒಳಗೆ ಏನಿದೆ ಎಂಬುದು ಗೊತ್ತಾಗುವುದೇ ಇಲ್ಲ. ‘ನನಗೆ ನೋವಿನ ಮಾತ್ರೆ ಆಗುವುದಿಲ್ಲ, ಬರೀ ಪ್ಯಾರಸಿಟಮಾಲ್ ಕೊಡಿ’ ಎಂದು ಕೇಳುವವರ ಕೈಯಲ್ಲೂ ಈ ಮಿಶ್ರಣವೇ ಇರುವುದನ್ನು ನೋಡಿದ್ದೇನೆ. ಶೀತ, ಜ್ವರದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ, ಎರಡು ಮೂರು ಕಡೆಯಿಂದ ಸೇರಿ ಅದು ಮಿತಿ ಮೀರುವುದೂ ಉಂಟು. ಆದ್ದರಿಂದ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಮೂಲ ಔಷಧದ ಹೆಸರುಗಳನ್ನು ಅಂಗಡಿಯವರಿಂದಲೇ ಓದಿಸಿಕೊಳ್ಳಿ. ‘ಫೆನಾಕ್’ ಎಂದು ಮುಗಿಯುವುದು, ‘ಪ್ರೊಫೆನ್’ ಎಂದು ಮುಗಿಯುವುದು, ‘ಕಾಕ್ಸಿಬ್’ ಎಂದು ಮುಗಿಯುವುದು, ನಿಮೆಸುಲೈಡ್, ನ್ಯಾಪ್ರೊಕ್ಸೆನ್, ಪೈರಾಕ್ಸಿಕ್ಯಾಮ್ ಇವೆಲ್ಲ ನಿಮ್ಮ ವೈದ್ಯರು ಮುಟ್ಟಬೇಡಿ ಎಂದ ಒಂದೇ ಗುಂಪಿಗೆ, ಅಂದರೆ ಆಸ್ಪಿರಿನ್ ಗುಂಪಿಗೆ ಸೇರಿದವು. ಕರುಳಿನ ತೊಂದರೆಯಿರುವವರು ಅಂಗಡಿಗೆ ಬಂದೊಡನೆ ಮೊದಲು ಅದನ್ನೇ ಹೇಳಬೇಕು. ನಮಗೆ ಮುಖ ನೋಡಿ ತಿಳಿಯುವುದಿಲ್ಲ.

ಸಂಧಿವೈದ್ಯೆ, ಮೈಸೂರು

ತುಂಗಾತೀರ ಅವರೇ, ನಿಮ್ಮನ್ನು ಪರೀಕ್ಷಿಸದೆ ಚಿಕಿತ್ಸೆ ಹೇಳುವುದು ಸರಿಯಲ್ಲ. ಆದರೆ ಕೇಳಿರುವ ಪ್ರಶ್ನೆಗೆ ಉತ್ತರವಿದೆ, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಆಸ್ಪಿರಿನ್ ಗುಂಪಿನ ಔಷಧಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ತೋರಿಸಿಕೊಟ್ಟರು. ಅವರಿಗೆ 1982ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಈ ಕೆಲಸವೂ ಸೇರಿದ ಸಂಶೋಧನೆಗೆ. ಕೀಲಿನಲ್ಲಿ ಊತ ಮತ್ತು ನೋವನ್ನು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುವುದನ್ನು ಈ ಔಷಧಗಳು ತಡೆಯುತ್ತವೆ. ತೊಡಕು ಏನೆಂದರೆ, ಅದೇ ಪ್ರೋಸ್ಟಗ್ಲಾಂಡಿನ್‌ಗಳು ಜಠರದಲ್ಲಿ ಲೋಳೆಯ ಪದರವನ್ನು ಕಾಪಾಡುತ್ತವೆ, ಕರುಳಿನ ಒಳಪೊರೆಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ, ಗಾಯವಾದ ಪೊರೆ ಮಾಯಲು ನೆರವಾಗುತ್ತವೆ. ಅವನ್ನು ಕೀಲಿನಲ್ಲಿ ಮಾತ್ರ ತಡೆದು ಹೊಟ್ಟೆಯಲ್ಲಿ ಬಿಟ್ಟುಬಿಡುವಂತೆ ಮಾತ್ರೆಗೆ ಹೇಳಿಕೊಡಲು ಆಗುವುದಿಲ್ಲ.

ಈಗ ಗ್ಯಾಸ್ ಮಾತ್ರೆಯ ವಿಷಯ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಇವು ಜಠರದ ಆಮ್ಲವನ್ನು ಕಡಿಮೆ ಮಾಡುತ್ತವೆ. ಆದ್ದರಿಂದ ಆಮ್ಲ ತಲುಪುವ ಜಾಗದಲ್ಲಿ, ಅಂದರೆ ಜಠರದಲ್ಲಿ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗುವುದನ್ನು ಅವು ನಿಜಕ್ಕೂ ತಡೆಯುತ್ತವೆ. ನಿಮ್ಮ ಕಾಯಿಲೆ ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿ ಆಮ್ಲದ ಪಾತ್ರವೇ ಇಲ್ಲ, ಹೀಗಾಗಿ ಆ ಮಾತ್ರೆಯಿಂದ ಅಲ್ಲಿ ರಕ್ಷಣೆಯೂ ಇಲ್ಲ. ಮೂಳೆ ವೈದ್ಯರು ಬರೆದ ಜೋಡಿ ಸಾಮಾನ್ಯ ರೋಗಿಗೆ ತಪ್ಪಲ್ಲ, ನಿಮಗೆ ಮಾತ್ರ ಅದು ಸಾಲದು. ಅಸಿಕ್ಲೋಫೆನಾಕ್‌ನಂಥ ಮಾತ್ರೆಯಿಂದ ಕೊಲೈಟಿಸ್ ಇರುವವರೆಲ್ಲರಿಗೂ ಕಾಯಿಲೆ ಮರುಕಳಿಸುತ್ತದೆ ಎಂದೇನಿಲ್ಲ. ಆದರೆ ಯಾರಿಗೆ ಮರುಕಳಿಸುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ಕರುಳಿನ ವೈದ್ಯರು ಎಚ್ಚರಿಸುತ್ತಾರೆ.

ಇದೇ ಸಂದರ್ಭದಲ್ಲಿ ಇನ್ನೆರಡು ನಂಬಿಕೆಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ ಎಂಬುದು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ಸೂಜಿಯ ಮೂಲಕ ಹೋದ ಡೈಕ್ಲೋಫೆನಾಕ್ ಕೂಡ ರಕ್ತದಲ್ಲಿ ಸೇರಿ ಅದೇ ಪ್ರೋಸ್ಟಗ್ಲಾಂಡಿನ್‌ಗಳನ್ನು ತಡೆಯುತ್ತದೆ, ಆದ್ದರಿಂದ ಹೊಟ್ಟೆ ಪಾರಾಗುವುದಿಲ್ಲ. ಊಟವಾದ ಮೇಲೆ ನುಂಗಿದರೆ ಹುಣ್ಣಾಗುವುದಿಲ್ಲ ಎಂಬುದೂ ಹೀಗೆಯೇ. ಊಟದಿಂದ ವಾಕರಿಕೆ ಮತ್ತು ಉರಿ ಕಡಿಮೆಯಾಗಬಹುದು, ಅಷ್ಟೆ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮಾತ್ರೆಯಲ್ಲ. ಸವೆದ ಮಂಡಿ ನಡೆದಾಗ ನೋಯುತ್ತದೆ, ಕುಳಿತರೆ ಕಡಿಮೆಯಾಗುತ್ತದೆ, ಅದರ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಿಮ್ಮ ಕಣಕಾಲು ಮತ್ತು ಮಣಿಕಟ್ಟು ಊದಿಕೊಂಡು ಒಂದು ಗಂಟೆ ಬಿಗಿಯುವುದು ಬೇರೆಯದೇ ಜಾತಿಯ ನೋವು. ಕರುಳಿನ ಉರಿಯೂತದ ಜೊತೆಗೇ ಬರುವ ಒಂದು ಬಗೆಯ ಸಂಧಿವಾತ ಹೀಗೆಯೇ ದೊಡ್ಡ ಕೀಲುಗಳಲ್ಲಿ, ಎಡ ಬಲ ಸಮನಾಗಿರದೆ, ಐದಕ್ಕಿಂತ ಕಡಿಮೆ ಕೀಲುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕರುಳು ಕೆರಳಿದಾಗ ಅದೂ ಏಳುತ್ತದೆ, ಕರುಳು ತಣಿದರೆ ಅದೂ ತಣಿಯುತ್ತದೆ. ಹಾಗಿದ್ದರೆ ನೋವಿನ ಮಾತ್ರೆಯನ್ನು ಹುಡುಕುವ ಮೊದಲು ಕರುಳು ನಿಜಕ್ಕೂ ಶಾಂತವಾಗಿದೆಯೇ ಎಂದು ನೋಡಬೇಕು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪರೀಕ್ಷೆಯಿಂದ ಅದರ ಅಂದಾಜು ಸಿಗುತ್ತದೆ. ಆ ಪರೀಕ್ಷೆಯನ್ನು ನೋವಿನ ಮಾತ್ರೆ ಶುರುಮಾಡುವ ಮೊದಲೇ ಮಾಡಿಸಿ, ಏಕೆಂದರೆ ಅಸಿಕ್ಲೋಫೆನಾಕ್‌ನಂಥವು ತಾವಾಗಿಯೇ ಅದರ ಪ್ರಮಾಣವನ್ನು ಏರಿಸಿ ಫಲಿತಾಂಶವನ್ನು ಗೊಂದಲಕ್ಕೀಡುಮಾಡುತ್ತವೆ. ಒಂದು ತಿಂಗಳು ಕಾಯಬೇಡಿ. ಕರುಳಿನ ವೈದ್ಯರ ಕಚೇರಿಗೆ ಫೋನ್ ಮಾಡಿ ‘ಕೀಲು ಊದಿದೆ’ ಎಂಬ ಮಾತನ್ನೇ ಹೇಳಿ, ಭೇಟಿ ಬೇಗ ಸಿಗಬಹುದು.

ಅಲ್ಲಿಯವರೆಗೆ ಯಕೃತ್ತಿನ ತೊಂದರೆಯಿಲ್ಲದಿದ್ದರೆ ಬರೀ ಪ್ಯಾರಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ ತೆಗೆದುಕೊಳ್ಳಬಹುದು. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ತೂಕ 50 ಕೆಜಿಗಿಂತ ಕಡಿಮೆ ಇರುವವರಿಗೆ, ಮದ್ಯ ಸೇವಿಸುವವರಿಗೆ, ಬಹಳ ವಯಸ್ಸಾದವರಿಗೆ ಮಿತಿ ಇನ್ನೂ ಕೆಳಗಿರುತ್ತದೆ, ಅದನ್ನು ವೈದ್ಯರೇ ಹೇಳಬೇಕು.

ಹುಬ್ಬಳ್ಳಿಯ ಕ್ರೋನ್ಸ್ ರೋಗಿ

ಡಾಕ್ಟರ್ ಹೇಳಿದ ಮಾತಿಗೆ ನನ್ನ ಶರೀರವೇ ಸಾಕ್ಷಿ. ನನಗೆ ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆಯ ಜೊತೆಗೆ ಬೆನ್ನುಮೂಳೆಯ ಕೆಳಭಾಗದ ಸಂಧಿವಾತವೂ ಇದೆ. ಬೆನ್ನುಮೂಳೆಯ ನೋವಿಗೆ ಎಲ್ಲರಿಗೂ ಮೊದಲು ಬರೆಯುವುದು ಈ ನೋವಿನ ಮಾತ್ರೆಗಳನ್ನೇ. ನನಗೆ ಅದೇ ಬಾಗಿಲು ಮುಚ್ಚಿತ್ತು. ಕೊನೆಗೆ ಕರುಳಿನ ವೈದ್ಯರೂ ಸಂಧಿವಾತದ ವೈದ್ಯರೂ ಒಬ್ಬರಿಗೊಬ್ಬರು ಫೋನಿನಲ್ಲಿ ಮಾತನಾಡಿ ಉರಿಯೂತ ತಗ್ಗಿಸುವ ಅಡಾಲಿಮುಮಾಬ್ ಎಂಬ ಇಂಜೆಕ್ಷನ್ ಆರಂಭಿಸಿದರು. ಒಂದೇ ಔಷಧ ಎರಡಕ್ಕೂ ಕೆಲಸ ಮಾಡುತ್ತಿದೆ.

ನಾನು ಕಲಿತ ವಿಷಯವೊಂದನ್ನು ಇಲ್ಲಿ ಬರೆಯಲೇಬೇಕು. ಇಂಥ ದೊಡ್ಡ ಔಷಧಗಳೆಲ್ಲ ಒಂದೇ ರೀತಿಯವಲ್ಲ. ಎಟನರ್ಸೆಪ್ಟ್ ಕೀಲಿಗೆ ಒಳ್ಳೆಯದಾದರೂ ಕ್ರೋನ್ಸ್‌ಗೆ ಉಪಯೋಗವಿಲ್ಲ. ಸೆಕುಕಿನುಮಾಬ್ ಬೆನ್ನುಮೂಳೆಗೆ ಚೆನ್ನಾಗಿ ಹಿಡಿದರೂ ಕರುಳಿನ ಉರಿಯೂತವನ್ನು ಹೆಚ್ಚಿಸಬಹುದು. ಕರುಳಿನ ಕಾಯಿಲೆಯನ್ನು ಮುಚ್ಚಿಟ್ಟು ಸಂಧಿವಾತದ ಚಿಕಿತ್ಸೆ ಪಡೆದರೆ ಏನಾಗಬಹುದು ಎಂಬುದಕ್ಕೆ ಇಷ್ಟು ಸಾಕು. ಮತ್ತೆ, ಈ ಇಂಜೆಕ್ಷನ್ ಆರಂಭಿಸುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ನಮ್ಮ ದೇಶದಲ್ಲಿ ಮೈಯೊಳಗೆ ಸುಪ್ತವಾಗಿ ಕ್ಷಯವಿರುವವರು ಬಹಳ, ಈ ಔಷಧದಿಂದ ಅದು ಎದ್ದು ಕೂರಬಹುದು. ಎದೆಯ ಎಕ್ಸ್‌ರೇ, ರಕ್ತದ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಎಂದು ವೈದ್ಯರು ಪಟ್ಟಿ ಕೊಟ್ಟರೆ ‘ಸುಮ್ಮನೆ ಖರ್ಚು’ ಎಂದು ಗೊಣಗಬೇಡಿ.

ಲೀಡ್ಸ್ ಕನ್ನಡಿಗ

ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ, ತಂದೆಯವರು ಬೆಂಗಳೂರಿನ ಬಸವನಗುಡಿಯಲ್ಲಿ. ಅವರಿಗೆ ಎಪ್ಪತ್ತೆರಡು ವರ್ಷ. ಹಿಂದೆ ಜಠರದ ಹುಣ್ಣಿನಿಂದ ರಕ್ತಸ್ರಾವವಾಗಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ 75 ಮಿಲಿಗ್ರಾಂ ಪ್ರತಿದಿನ ನಡೆದಿದೆ. ಎರಡೂ ಮಂಡಿ ಸವೆದಿವೆ. ‘ಹೊಟ್ಟೆಗೆ ಹಗುರವಾದ ಹೊಸ ಮಾತ್ರೆ’ ಎಂದು ಅಲ್ಲಿ ಯಾರೋ ಎಟೊರಿಕಾಕ್ಸಿಬ್ ಸೂಚಿಸಿದ್ದಾರೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಇಲ್ಲಿಯ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಪ್ಯಾರಸಿಟಮಾಲ್ ಅನ್ನು ವಾಡಿಕೆಯಾಗಿ ಕೊಡಬೇಡಿ ಎಂದಿದೆ. ನೀವು ಅದನ್ನೇ ಹೇಳುತ್ತಿದ್ದೀರಿ. ಯಾವುದನ್ನು ನಂಬುವುದು?

ಸಂಧಿವೈದ್ಯೆ, ಮೈಸೂರು

ನ್ಯಾಯವಾದ ಪ್ರಶ್ನೆ. ಸವೆದ ಮಂಡಿಯ ಮೇಲೆ ಪ್ಯಾರಸಿಟಮಾಲ್‌ನ ಪರಿಣಾಮ ಸಣ್ಣದು ಎಂಬುದು ನಿಜ, ಅದಕ್ಕೇ ಆ ಮಾರ್ಗಸೂಚಿ ಅದನ್ನು ಹಿಂದಕ್ಕೆ ತಳ್ಳಿದೆ. ಆದರೆ ಬೇರೆ ಚಿಕಿತ್ಸೆಗಳು ಹೊಂದದಿದ್ದಾಗ, ಅಪರೂಪಕ್ಕೆ, ಅಲ್ಪಾವಧಿಗೆ ಬಳಸಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ನಾನು ತುಂಗಾತೀರ ಅವರಿಗೆ ಹೇಳಿದ್ದೂ ವೈದ್ಯರನ್ನು ಕಾಣುವವರೆಗಿನ ದಿನಗಳಿಗಾಗಿ. ಹೆಚ್ಚು ಕೆಲಸ ಮಾಡುವ ಮಾತ್ರೆಗಳೆಲ್ಲ ಅಪಾಯವಾಗಿರುವವರಿಗೆ ಕಡಿಮೆ ಕೆಲಸ ಮಾಡುವ ಸುರಕ್ಷಿತ ಮಾತ್ರೆಗೂ ಬೆಲೆಯಿದೆ.

ನಿಮ್ಮ ತಂದೆಯವರ ಕಥೆ ಬೇರೆ. ಕಾಕ್ಸಿಬ್ ಔಷಧಗಳು ಬಂದದ್ದೇ ಜಠರವನ್ನು ಉಳಿಸಲು, ಅದನ್ನು ಅವು ಒಂದು ಮಟ್ಟಿಗೆ ಸಾಧಿಸಿದವು. ಆದರೆ ರೋಫೆಕಾಕ್ಸಿಬ್ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುವುದು ಕಂಡುಬಂದು 2004ರಲ್ಲಿ ಅದನ್ನು ತಯಾರಕರೇ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಎಟೊರಿಕಾಕ್ಸಿಬ್ ಕೂಡ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವಂಥ ಔಷಧವಲ್ಲ. ಜೊತೆಗೆ ಆಸ್ಪಿರಿನ್ ನಡೆಯುತ್ತಿದ್ದರೆ, ಕಾಕ್ಸಿಬ್‌ನಿಂದ ಜಠರಕ್ಕೆ ಸಿಗುವ ಲಾಭವೂ ಬಹುಮಟ್ಟಿಗೆ ಕರಗಿಹೋಗುತ್ತದೆ. ಐಬುಪ್ರೊಫೆನ್ ಇನ್ನೂ ಬೇಡ, ಅದು ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ಕೆಲಸಕ್ಕೇ ಅಡ್ಡಿಯಾಗುತ್ತದೆ. ಹೃದಯದ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸುವುದಂತೂ ಕೂಡದು.

ಅವರಿಗೆ ಡೈಕ್ಲೋಫೆನಾಕ್ ಜೆಲ್ ಒಳ್ಳೆಯ ಆರಂಭ. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲು, ಔಷಧ ಒಳಗಿಳಿಯುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದರೆ ಸುಮಾರು ನೂರಕ್ಕೆ ಆರರಷ್ಟು ಮಾತ್ರ. ನೋವು ಬಂದಾಗ ಬಟಾಣಿಯಷ್ಟು ಸವರಿ ‘ಏನೂ ಆಗಲಿಲ್ಲ’ ಎನ್ನುವವರೇ ಹೆಚ್ಚು. ಶೇಕಡಾ 1ರ ಜೆಲ್ ಆದರೆ ಒಂದು ಮಂಡಿಗೆ ಪ್ರತಿ ಸಲ 4 ಗ್ರಾಂ, ದಿನಕ್ಕೆ ನಾಲ್ಕು ಸಲ, ಒಂದೆರಡು ವಾರ ಬಿಡದೆ ಹಚ್ಚಿ ಆಮೇಲೆ ತೀರ್ಮಾನಿಸಬೇಕು. 30 ಗ್ರಾಂ ಟ್ಯೂಬು ಈ ಲೆಕ್ಕದಲ್ಲಿ ಎರಡು ದಿನಕ್ಕೇ ಮುಗಿಯುತ್ತದೆ, ನಮ್ಮ ರೋಗಿಗಳು ಜಿಪುಣರಾಗಲು ಅದೂ ಒಂದು ಕಾರಣವಿರಬೇಕು. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಾರದು, ಒಡೆದ ಚರ್ಮದ ಮೇಲೆ ಹಚ್ಚಬಾರದು. ಮೂತ್ರಪಿಂಡ ದುರ್ಬಲವಾಗಿರುವವರು ಜೆಲ್‌ಗೂ ವೈದ್ಯರನ್ನು ಕೇಳಬೇಕು. ಸೊಂಟದ ಕೀಲು ಬಹಳ ಆಳದಲ್ಲಿರುವುದರಿಂದ ಅಲ್ಲಿ ಜೆಲ್ ತಲುಪುವುದಿಲ್ಲ.

ಹಿಂದೆ ಹುಣ್ಣಾಗಿದ್ದವರಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯೇ ಎಂದು ಹಳೆಯ ಕಡತದಲ್ಲಿ ನೋಡಿ. ಆಗಿಲ್ಲದಿದ್ದರೆ ಮಾಡಿಸಿ. ಆ ಪರೀಕ್ಷೆಗೆ ಎರಡು ವಾರ ಮೊದಲು ಗ್ಯಾಸ್ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಆಸ್ಪಿರಿನ್ ತೆಗೆದುಕೊಳ್ಳುತ್ತಿರುವ ಅವರು ಅದನ್ನು ತಾವಾಗಿ ಮಾಡದೆ ವೈದ್ಯರ ಸೂಚನೆಯಂತೆಯೇ ಮಾಡಲಿ.

ಹಾಸನದ ಔಷಧಿ ಅಂಗಡಿ

ಇದಕ್ಕೆ ಸೇರಿಸಬೇಕಾದ ಮಾತು: ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಚೂರುಗಳು ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಅಂಗಡಿಗೆ ಬರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೂ ಅದರಿಂದಲೇ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ವಯಸ್ಸಾದವರಲ್ಲಿ ಹೊಟ್ಟೆನೋವೇ ಇಲ್ಲದೆ ಹುಣ್ಣು ಒಸರುವುದುಂಟು.

ಸಹ್ಯಾದ್ರಿ ಮನೆಮದ್ದು

ಇಷ್ಟೆಲ್ಲ ಇಂಗ್ಲಿಷ್ ಔಷಧ ಏಕೆ? ನಮ್ಮ ಪರಿಚಯದವರೊಬ್ಬರು ಗಿಡಮೂಲಿಕೆಗಳ ಪುಡಿ ಕೊಡುತ್ತಾರೆ. ನಡೆಯಲಾರದೆ ಇದ್ದ ನಮ್ಮ ಅತ್ತೆ ಮೂರನೆಯ ದಿನಕ್ಕೆ ಎದ್ದು ಓಡಾಡಿದರು. ಹೊಟ್ಟೆಗೂ ಏನೂ ಆಗಿಲ್ಲ. ಹರಳೆಣ್ಣೆ ಕುಡಿಸಿ ಕರುಳು ತೊಳೆದರೆ ವಾತ ಇಳಿಯುತ್ತದೆ ಎಂಬುದೂ ಹಿರಿಯರು ಹೇಳಿದ್ದೇ.

ಸಂಧಿವೈದ್ಯೆ, ಮೈಸೂರು

ನಿಮ್ಮ ಅತ್ತೆಯವರಿಗೆ ಆರಾಮವಾದದ್ದು ಸಂತೋಷ, ಆದರೆ ಆ ಮೂರನೆಯ ದಿನ ನನ್ನನ್ನು ಚಿಂತೆಗೆ ಹಚ್ಚುತ್ತದೆ. ಆಯುರ್ವೇದವನ್ನು ಓದಿದ ವೈದ್ಯರು ಯಾರೂ ದೀರ್ಘಕಾಲದ ಸಂಧಿವಾತ ಮೂರು ದಿನದಲ್ಲಿ ಇಳಿಯುತ್ತದೆ ಎನ್ನುವುದಿಲ್ಲ. ಹೆಸರು, ಪದಾರ್ಥಗಳ ಪಟ್ಟಿ, ತಯಾರಿಕೆಯ ಪರವಾನಗಿ ಏನೂ ಇಲ್ಲದೆ ಪೊಟ್ಟಣದಲ್ಲಿ ಬರುವ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್ ಬೆರೆತಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಮುಖ ಊದುವುದು, ಹಸಿವು ವಿಪರೀತವಾಗುವುದು, ಸಕ್ಕರೆ ಮತ್ತು ರಕ್ತದೊತ್ತಡ ಏರುವುದು, ಚರ್ಮ ತೆಳುವಾಗಿ ಕಂದುಗಟ್ಟುವುದು ಕಂಡರೆ ಅನುಮಾನಿಸಬೇಕು. ದಯವಿಟ್ಟು ಇದನ್ನು ಓದಿ ಪುಡಿಯನ್ನು ಇವತ್ತೇ ನಿಲ್ಲಿಸಬೇಡಿ. ವಾರಗಟ್ಟಲೆ ಸ್ಟೀರಾಯ್ಡ್ ಸೇವಿಸಿದ ಶರೀರ ತನ್ನದೇ ಹಾರ್ಮೋನನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಏಕಾಏಕಿ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಪೊಟ್ಟಣದ ಸಮೇತ ಅತ್ತೆಯವರನ್ನು ವೈದ್ಯರ ಬಳಿ ಕರೆದೊಯ್ಯಿರಿ.

ಹರಳೆಣ್ಣೆಯ ಭೇದಿ ಕೊಲೈಟಿಸ್ ಇರುವವರಿಗೆ ಖಂಡಿತ ಬೇಡ. ಹೊರಗೆ ಎಣ್ಣೆ ಸವರಿ ಬಿಸಿನೀರು ಹಾಕಿಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ, ಕೆಂಪಾಗಿ ಬಿಸಿಯಾಗಿ ಊದಿದ ಕೀಲನ್ನು ಮಾತ್ರ ಉಜ್ಜಬೇಡಿ.

ಕುಂದಾಪುರದ ಶಾಲಾಮೇಷ್ಟ್ರು

ನನಗಿರುವುದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಕೊಲೊನೋಸ್ಕೋಪಿಯಲ್ಲಿ ಏನೂ ಸಿಕ್ಕಿಲ್ಲ, ಆದರೂ ಹೊಟ್ಟೆಯುಬ್ಬರ ಮತ್ತು ಒಂದು ದಿನ ಮಲಬದ್ಧತೆ, ಮರುದಿನ ಭೇದಿ. ಮಂಡಿನೋವೂ ಇದೆ. ನೋವಿನ ಮಾತ್ರೆಯ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆಯೆಲ್ಲ ನನಗೂ ಅನ್ವಯವೇ? ಬದನೆಕಾಯಿ, ಆಲೂಗಡ್ಡೆ, ಟೊಮೇಟೊ, ಉದ್ದು, ಮೀನು ಎಲ್ಲವೂ ನಂಜು ಎಂದು ಬಿಡುತ್ತ ಬಂದು ಈಗ ತಿನ್ನುವುದಕ್ಕೆ ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಉಳಿದಿದೆ.

ಸಂಧಿವೈದ್ಯೆ, ಮೈಸೂರು

ಮೇಷ್ಟ್ರೇ, ಐಬಿಎಸ್‌ನಲ್ಲಿ ಕರುಳಿನ ಚಲನೆ ಮತ್ತು ಸಂವೇದನೆ ಹದತಪ್ಪಿರುತ್ತವೆ, ಕೊಲೈಟಿಸ್‌ನಂತೆ ಪೊರೆ ಹುಣ್ಣಾಗಿರುವುದಿಲ್ಲ. ಆದ್ದರಿಂದ ನೋವಿನ ಮಾತ್ರೆ ಅಷ್ಟು ಕಟ್ಟುನಿಟ್ಟಾಗಿ ನಿಷಿದ್ಧವಲ್ಲ, ಆದರೂ ನಿಮಗೂ ಜೆಲ್‌ನಿಂದಲೇ ಆರಂಭಿಸುವುದು ಜಾಣತನ. ನೀವು ಎಚ್ಚರವಹಿಸಬೇಕಾದದ್ದು ಬೇರೆ ಕಡೆ: ಟ್ರಮಡಾಲ್ ಎಂಬ ಬೇರೆ ಗುಂಪಿನ ನೋವಿನ ಮಾತ್ರೆ ವಾಕರಿಕೆ ಮತ್ತು ಮಲಬದ್ಧತೆ ತರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯೂ ಮಲ ಬಿಗಿಸುತ್ತದೆ, ಮೆಗ್ನೀಸಿಯಂ ಇರುವ ಆಮ್ಲಶಾಮಕಗಳು ಭೇದಿ ಮಾಡಿಸುತ್ತವೆ. ಹೊಟ್ಟೆ ಕೆಟ್ಟಿತೆಂದು ಊಟವನ್ನು ದೂಷಿಸುವ ಮೊದಲು ಮಾತ್ರೆಗಳ ಡಬ್ಬಿಯನ್ನು ನೋಡಿ.

ಬದನೆ, ಟೊಮೇಟೊ ಬಿಟ್ಟರೆ ಕೀಲುನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಅವರೆ, ಕಡಲೆ, ಹಲಸು ಕೆಲವರ ಹೊಟ್ಟೆಯಲ್ಲಿ ಹುದುಗಿ ಉಬ್ಬರ ತರುವುದು ನಿಜ. ಅದನ್ನು ಆಹಾರತಜ್ಞರ ನೆರವಿನಿಂದ ಕೆಲವು ವಾರ ಬಿಟ್ಟು, ಒಂದೊಂದಾಗಿ ಮತ್ತೆ ಸೇರಿಸಿ ಪರೀಕ್ಷಿಸಬೇಕು. ಮೀನನ್ನು ಮತ್ತೆ ತಿನ್ನಿ. ಪ್ರೋಟೀನಿಲ್ಲದೆ ತೊಡೆಯ ಸ್ನಾಯು ಕರಗಿದರೆ ಮಂಡಿಗೆ ಆಸರೆಯೇ ಇರುವುದಿಲ್ಲ.

ದಾವಣಗೆರೆಯ ಫಿಸಿಯೊಥೆರಪಿಸ್ಟ್

ತೊಡೆಯ ಸ್ನಾಯುವಿನ ಮಾತು ಬಂದದ್ದರಿಂದ ನಾನು ಬರೆಯುತ್ತಿದ್ದೇನೆ. ಹೊಟ್ಟೆಗೆ ಒಂದಿಷ್ಟೂ ತೊಂದರೆ ಕೊಡದ ನೋವುನಿವಾರಕ ಎಂದರೆ ವ್ಯಾಯಾಮ. ಚೀಟಿಯ ಕೊನೆಯಲ್ಲಿ ಅದಕ್ಕೆ ಒಂದು ಸಾಲು ಸಿಕ್ಕರೆ ನಮ್ಮ ಪುಣ್ಯ. ಸವೆದ ಮಂಡಿಗೆ ನಡಿಗೆಯಿಂದ ಇನ್ನಷ್ಟು ಸವೆಯುತ್ತದೆ ಎಂದು ಹೆದರಿ ಕುಳಿತವರ ತೊಡೆ ತಿಂಗಳೊಪ್ಪತ್ತಿನಲ್ಲಿ ಸೊರಗುತ್ತದೆ, ಆಮೇಲೆ ನೋವು ಹೆಚ್ಚುತ್ತದೆ.

ಹಾಸಿಗೆಯ ಮೇಲೆ ಕಾಲು ನೀಡಿ ಮಲಗಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡುವುದು ಮೊದಲ ವ್ಯಾಯಾಮ. ಇದು ಸಲೀಸಾದ ಮೇಲೆ ಕಾಲನ್ನು ನೇರವಾಗಿಟ್ಟು ಮೇಲೆತ್ತುವುದು. ಆಮೇಲೆ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನವಾಗಿ ಕೂರುವುದು. ಪ್ರತಿಯೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ವ್ಯಾಯಾಮದ ನಂತರ ಬಂದ ನೋವು ಮರುದಿನ ಬೆಳಿಗ್ಗೆಯೂ ಇದ್ದರೆ ಪ್ರಮಾಣ ಹೆಚ್ಚಾಯಿತು ಎಂದರ್ಥ, ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಮೆಟ್ಟಿಲು ಹತ್ತುವಾಗ ಗಟ್ಟಿಯಿರುವ ಕಾಲು ಮುಂದೆ, ಇಳಿಯುವಾಗ ನೋವಿರುವ ಕಾಲು ಮುಂದೆ. ಊರುಗೋಲನ್ನು ನೋವಿರುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಸಿನಿಮಾಗಳಲ್ಲಿ ತಾತಂದಿರು ಹಿಡಿಯುವುದು ಹೆಚ್ಚಾಗಿ ತಪ್ಪು ಕೈಯಲ್ಲೇ. ತೂಕ ಹೆಚ್ಚಿರುವವರು ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತದೆ.

ಕರುಳಿನ ಕಾಯಿಲೆಯಿರುವವರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಸರದಲ್ಲಿ ಶೌಚಾಲಯಕ್ಕೆ ಓಡಬೇಕಾದವರಿಗೆ ಮಂಡಿ ಮಡಿಯದಿದ್ದರೆ ಕುಕ್ಕರುಗಾಲಿನ ಶೌಚಾಲಯವೇ ದೊಡ್ಡ ಶಿಕ್ಷೆ. ಕಮೋಡ್ ಹಾಕಿಸಲು ಅನುಕೂಲವಿಲ್ಲದಿದ್ದರೆ ಈಗಿರುವ ಶೌಚಾಲಯದ ಮೇಲೆಯೇ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಗೋಡೆಗೊಂದು ಹಿಡಿಕೆ ಹಾಕಿಸಿ. ಊದಿದ ಕೀಲಿಗೆ ವ್ಯಾಯಾಮಕ್ಕಿಂತ ಮೊದಲು ಚಿಕಿತ್ಸೆ ಬೇಕು. ತುಂಗಾತೀರ ಅವರು ಸದ್ಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಅದಕ್ಕೆ ವಿಶ್ರಾಂತಿ ಕೊಡಲಿ, ಚಪಾತಿ ಹಿಟ್ಟನ್ನು ಮನೆಯಲ್ಲಿ ಬೇರೆ ಯಾರಾದರೂ ನಾದಲಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಫೋನ್ ಮಾಡಿದ್ದಕ್ಕೆ ಭೇಟಿ ಬೇಗ ಸಿಕ್ಕಿತು. ಕ್ಯಾಲ್‌ಪ್ರೊಟೆಕ್ಟಿನ್ ಇರಬೇಕಾದದ್ದಕ್ಕಿಂತ ಸಾಕಷ್ಟು ಹೆಚ್ಚಿದೆ. ಹೊಟ್ಟೆ ಶಾಂತವಾಗಿದೆ ಎಂದು ನಾನು ಭಾವಿಸಿದ್ದಾಗಲೂ ಕರುಳು ಒಳಗೊಳಗೇ ಕುದಿಯುತ್ತಿತ್ತು ಎಂದು ವೈದ್ಯರು ಹೇಳಿದರು. ಸಂಧಿವಾತದ ವೈದ್ಯರೂ ನೋಡಿದರು. ಅಸಿಕ್ಲೋಫೆನಾಕ್ ಬೇಡವೆಂದು ಇಬ್ಬರೂ ಒಪ್ಪಿ, ಮೆಸಲಮೈನ್ ಬದಲು ಸಲ್ಫಸಲಜೈನ್ ಆರಂಭಿಸಿದ್ದಾರೆ. ಕಣಕಾಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನನ್ನು ಕೀಲಿನೊಳಗೇ ಕೊಟ್ಟರು, ಊತ ಇಳಿಯುತ್ತಿದೆ. ತೀರಾ ಅಗತ್ಯ ಬಿದ್ದರೆ ಕೆಲವೇ ದಿನಗಳ ಮಟ್ಟಿಗೆ ಸೆಲೆಕಾಕ್ಸಿಬ್ ಯೋಚಿಸಬಹುದು, ಆದರೆ ಕರುಳು ತಣಿದ ಮೇಲೆ ಮಾತ್ರ ಎಂದರು. ಸಲ್ಫಸಲಜೈನ್ ಹಳೆಯ ಔಷಧವಂತೆ. ಹೊಸದನ್ನು ಬಿಟ್ಟು ಹಳೆಯದಕ್ಕೆ ಏಕೆ ಹೋಗುತ್ತಿದ್ದಾರೆ ಎಂಬುದು ಅರ್ಥವಾಗಲಿಲ್ಲ, ಕೇಳಲು ಸಂಕೋಚವಾಯಿತು. ಮೂತ್ರವೂ ಕಿತ್ತಳೆ ಬಣ್ಣಕ್ಕೆ ತಿರುಗಿದೆ.

ಸಂಧಿವೈದ್ಯೆ, ಮೈಸೂರು

ಇದಕ್ಕಿಂತ ಸೊಗಸಾದ ಆಯ್ಕೆ ನಿಮಗೆ ಸದ್ಯಕ್ಕಿರಲಿಲ್ಲ. ಸಲ್ಫಸಲಜೈನ್ ಹುಟ್ಟಿದ್ದೇ ಸಂಧಿವಾತಕ್ಕಾಗಿ. ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಎಂಬ ವೈದ್ಯೆ ಒಂದು ಔಷಧ ಕಂಪನಿಯ ಜೊತೆಗೂಡಿ 1930ರ ದಶಕದ ಕೊನೆಯಲ್ಲಿ ಅದರ ಕೆಲಸ ಆರಂಭಿಸಿದರು. ಕೊಲೈಟಿಸ್ ಇರುವವರಿಗೂ ಅದರಿಂದ ಗುಣ ಕಂಡದ್ದು ಆಗಲೇ. ನುಂಗಿದ ಮಾತ್ರೆ ದೊಡ್ಡ ಕರುಳು ತಲುಪಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಎರಡಾಗಿ ಒಡೆಯುತ್ತವೆ. ಒಂದು ಭಾಗ ನೀವು ಇಷ್ಟು ದಿನ ನುಂಗುತ್ತಿದ್ದ ಮೆಸಲಮೈನೇ, ಅದು ಕರುಳಿನ ಪೊರೆಯ ಮೇಲೆ ಕೆಲಸ ಮಾಡುತ್ತದೆ. ಇನ್ನೊಂದು ಸಲ್ಫಾಪಿರಿಡಿನ್, ಅದು ರಕ್ತಕ್ಕೆ ಸೇರುತ್ತದೆ, ಕೀಲಿನ ಲಾಭ ಬಹುಮಟ್ಟಿಗೆ ಅದರಿಂದ ಎಂದು ತಿಳಿಯಲಾಗಿದೆ. ಬರೀ ಮೆಸಲಮೈನ್‌ನಿಂದ ಕೀಲಿಗೆ ಹೇಳಿಕೊಳ್ಳುವಷ್ಟು ಪ್ರಯೋಜನವಿಲ್ಲ. ಬೆನ್ನುಮೂಳೆಯ ಸಂಧಿವಾತಕ್ಕೆ ಇದು ನಾಟುವುದಿಲ್ಲ, ಹುಬ್ಬಳ್ಳಿಯವರಿಗೆ ಬೇರೆ ದಾರಿ ಹಿಡಿದದ್ದಕ್ಕೆ ಅದೂ ಕಾರಣ.

ಕಿತ್ತಳೆ ಬಣ್ಣ ಔಷಧದ್ದೇ, ಹೆದರಬೇಡಿ. ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ ಆರಂಭಿಸಿ ವಾರಕ್ಕಿಷ್ಟು ಏರಿಸುತ್ತ ದಿನಕ್ಕೆ 2 ಗ್ರಾಂವರೆಗೆ ಒಯ್ಯುತ್ತಾರೆ. ಅವಸರದಲ್ಲಿ ಏರಿಸಿದರೆ ವಾಕರಿಕೆ, ತಲೆನೋವು ಬಂದು ರೋಗಿ ಔಷಧವನ್ನೇ ಬಿಡುತ್ತಾರೆ. ಕೀಲಿನಲ್ಲಿ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಅಲ್ಲಿಯವರೆಗೆ ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಬೇಡಿ. ಮಾತ್ರೆಯನ್ನು ಪುಡಿಮಾಡಬಾರದು, ಸಾಕಷ್ಟು ನೀರು ಕುಡಿಯಬೇಕು. ಈ ಔಷಧ ಫೋಲಿಕ್ ಆಮ್ಲದ ಹೀರುವಿಕೆಯನ್ನು ಕುಗ್ಗಿಸುವುದರಿಂದ ಅದರ ಮಾತ್ರೆ ಬರೆದಿದ್ದಾರೆಯೇ ನೋಡಿ. ಸಲ್ಫಾ ಔಷಧದಿಂದ ಹಿಂದೆ ಅಲರ್ಜಿಯಾಗಿದ್ದರೆ ಈಗಲೇ ತಿಳಿಸಿ.

ತುಂಗಾತೀರ

ಅಲರ್ಜಿ ಏನೂ ಆಗಿಲ್ಲ ಮೇಡಂ. ಫೋಲಿಕ್ ಆಮ್ಲ ಬರೆದಿದ್ದಾರೆ. ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ ಎಂದಿದ್ದಾರೆ, ಅಷ್ಟು ಆಗಾಗ್ಗೆ ಬೇಕೇ?

ಸಂಧಿವೈದ್ಯೆ, ಮೈಸೂರು

ಮೊದಲ ಮೂರು ತಿಂಗಳು ಬೇಕು. ಬಿಳಿ ರಕ್ತಕಣಗಳು ಕುಸಿಯುವುದು ಮತ್ತು ಯಕೃತ್ತಿನ ತೊಂದರೆ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಈ ಅವಧಿಯಲ್ಲೇ ಬರುತ್ತವೆ. ಎಲ್ಲ ಸರಿಯಿದ್ದರೆ ಆಮೇಲೆ ಅಂತರವನ್ನು ವೈದ್ಯರೇ ಹೆಚ್ಚಿಸುತ್ತಾರೆ. ಎರಡು ಪರೀಕ್ಷೆಗಳ ನಡುವೆ ಜ್ವರ, ಗಂಟಲುನೋವು, ಬಾಯಿಹುಣ್ಣು ಅಥವಾ ಮೈಮೇಲೆ ಗುಳ್ಳೆ ಕಂಡರೆ ಆ ದಿನದ ಮಾತ್ರೆಯನ್ನು ತಡೆದು, ಅಂದೇ ಫೋನ್ ಮಾಡಿ ರಕ್ತ ಪರೀಕ್ಷಿಸಿಕೊಳ್ಳಿ. ಜ್ವರಕ್ಕೆಂದು ಅಂಗಡಿಯಿಂದ ತರುವುದಾದರೆ ಬರೀ ಪ್ಯಾರಸಿಟಮಾಲ್ ಎಂದೇ ಕೇಳಿ, ಹಾಳೆಯ ಹಿಂಬದಿಯನ್ನು ಓದಿಸಿಕೊಂಡು ತನ್ನಿ.